ಪ್ಲಗ್ ತಿರುಗಿಸಿ ಹಾಕು

ಮೋಟಾರ್ ರಿಪೇರಿ ಅಂಗಡಿಯಲ್ಲಿ ಕಾಯಿಲ್ ಸುತ್ತುವ ಅವಳನ್ನು ಎಲ್ಲರೂ ಕರೆಯುವುದು ಕಾಯಿಲಕ್ಕ ಎಂದೇ. ಹದಿನೆಂಟು ವರ್ಷ ಸುಟ್ಟ ಪಂಪುಗಳಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ಅವಳ ಹೆಬ್ಬೆರಳು ಮರಗಟ್ಟಿದೆ. ಹುಚ್ಚು ಮಾತ್ರ ಬೇರೆ. ಗುಜರಿಗೆ ಬಿದ್ದ ರೇಡಿಯೋಗಳಿಂದ ವಾಲ್ವು ಕಿತ್ತು, ಬಿಸ್ಕತ್ತಿನ ತಗಡಿನ ಡಬ್ಬಿಗೆ ತೂತು ಕೊರೆದು ಕೂರಿಸಿ, ಗಿಟಾರಿಗೆ ಆಂಪ್ಲಿಫೈಯರ್ ಮಾಡುವುದು. ವಾಲ್ವು ಅಂದರೆ ಗಾಜಿನ ಬುರುಡೆ. ಬಿಸಿಯಾಗಿ ಕೆಂಪಗೆ ಕಣ್ಣು ಬಿಟ್ಟ ಮೇಲೇ ದನಿ. ಅಂಗಡಿಯಲ್ಲಿ ಇಂಥದ್ದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬಡವರಿಗೆ ಒಳ್ಳೆಯ ದನಿ ಬೇಡವೆಂದು ಯಾರು ತೀರ್ಮಾನಿಸಿದರೋ!

ನಾಲ್ಕನೆಯ ಡಬ್ಬಿಯನ್ನು ತಂಗಿಗೆ ಕೊಟ್ಟಳು. ತಂಗಿ ಒಂದು ತಂಡದಲ್ಲಿ ಗಿಟಾರ್ ನುಡಿಸುತ್ತ ಹಾಡುತ್ತಾಳೆ. ಒಂದು ಸಂಜೆ ಕಾಯಿಲಕ್ಕ ಅವರ ಅಭ್ಯಾಸದ ಕೋಣೆಗೆ ಹೋಗಿ ಕೂತಳು. ತಂಗಿ ಡಬ್ಬಿಗೆ ಜೋಡಿಸಿದ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದವಳು ಥಟ್ಟನೆ ಹಿಂದೆ ಸರಿದಳು.

“ಏನಾಯ್ತೇ?”

“ಏನಿಲ್ಲಕ್ಕ, ಚುರ್ ಅನ್ನುತ್ತೆ. ದಿನಾ ಇದ್ದಿದ್ದೇ.”

ಡ್ರಮ್ ಬಾರಿಸುವವನು ನಕ್ಕ. “ನಿಮ್ಮ ಡಬ್ಬಿ ಮುತ್ತು ಕೊಡುತ್ತೆ ಕಾಯಿಲಕ್ಕ! ಎರಡು ಪಿನ್ನಿನ ಪ್ಲಗ್ ತಾನೇ, ತಿರುಗಿಸಿ ಹಾಕಿದ್ರೆ ಸುಮ್ಮನಾಗುತ್ತೆ.”

ಪ್ಲಗ್ ತಿರುಗಿಸಿ ಹಾಕು! ಈ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಈ ಹವ್ಯಾಸದವರು ಇದನ್ನೊಂದು ಉಪಾಯವೆಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ತುಟಿ ಕೂಗಿ ಹೇಳಿದ್ದನ್ನು ತಮಾಷೆ ಮಾಡಿ ಮುಚ್ಚಿಹಾಕುವುದು ಯಾವ ಸೀಮೆಯ ಉಪಾಯ?

ಕಾಯಿಲಕ್ಕ ನಗಲಿಲ್ಲ. ದುಡ್ಡು ಉಳಿಸಲೆಂದು ಅವಳು, ಕರೆಂಟು ನೇರ ಒಳಗೆ ಬಾರದಂತೆ ತಡೆಯುವ ಟ್ರಾನ್ಸ್‌ಫಾರ್ಮರ್ ಬಿಟ್ಟಿದ್ದಳು. ಗೋಡೆಯ ಕರೆಂಟಿಗೂ ಡಬ್ಬಿಗೂ ನಡುವೆ ಇದ್ದದ್ದು ಹಳೇ ರೇಡಿಯೋದ ಒಂದೇ ಒಂದು ಕೆಪಾಸಿಟರ್. ಅದು ಕೈಕೊಟ್ಟ ದಿನ ಡಬ್ಬಿಯಿಂದ ಗಿಟಾರಿನ ತಂತಿಗೆ, ಅಲ್ಲಿಂದ ತಂಗಿಯ ಮೈಗೆ ಇಡೀ ಕರೆಂಟು. ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದಳು, ಪ್ಲಗ್ ಕಿತ್ತಳು, ವೈರನ್ನು ಕಚಕ್ಕನೆ ಕತ್ತರಿಸಿದಳು.

“ಶನಿವಾರ ಪ್ರೋಗ್ರಾಂ ಇದೆ! ತಲೆ ಕೆಟ್ಟಿದೆಯಾ ನಿಂಗೆ?” ತಂಗಿ ಕೂಗಿದಳು.

“ತಪ್ಪು ನಂದೇ ಕಣೇ. ಬೈಯೋದಿದ್ರೆ ಬೈಕೋ. ಇದನ್ನ ಮಾತ್ರ ಮುಟ್ಟೋ ಹಾಗಿಲ್ಲ.”

ಎಲ್ಲರೆದುರೇ ಹೇಳಿದಳು. ತಪ್ಪು ನಂದೇ ಅನ್ನುವುದನ್ನು ದೊಡ್ಡ ದೊಡ್ಡ ಕಂಪನಿಗಳ ಬಾಯಲ್ಲಿ ನಾನಂತೂ ಕೇಳಿಲ್ಲ.

ತಂಗಿ ಶನಿವಾರ ಗಿಟಾರಿಲ್ಲದೆ ಹಾಡಿದಳು. ಅಕ್ಕನ ಜೊತೆ ಮಾತು ಬಿಟ್ಟಳು. ಕಾಯಿಲಕ್ಕ ಊಟದ ಬಿಡುವಿನಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತತೊಡಗಿದಳು. ಸಾವಿರಾರು ಸುತ್ತು. ಸುಟ್ಟ ಮೋಟಾರಿನ ತಂತಿ ಪುಕ್ಕಟೆ ಸಿಗುತ್ತಿತ್ತು. ಅದರ ಮೇಲಿನ ಲೇಪ ಸುಟ್ಟಿರುತ್ತದೆಂದು ಅದನ್ನು ಮುಟ್ಟಲಿಲ್ಲ, ಹೊಸದನ್ನೇ ಕೊಂಡಳು. ಅಂಗಡಿಯ ಯಜಮಾನರು “ಊಟ ಆಯ್ತೇನಮ್ಮ?” ಅಂದದ್ದಕ್ಕೆ ಎಣಿಕೆ ತಪ್ಪಿ, ಒಂದು ಪದರ ಪೂರ್ತಿ ಬಿಚ್ಚಬೇಕಾಯಿತು. ಕೊನೆಗೆ ಮೂರು ಪಿನ್ನಿನ ಪ್ಲಗ್ ಹಾಕಿ ಡಬ್ಬಿಯನ್ನು ಅರ್ಥಿಂಗಿಗೆ ಜೋಡಿಸಿದಳು.

ಮೂರು ವಾರದ ಮೇಲೆ ಡಬ್ಬಿಯನ್ನು ಅಭ್ಯಾಸದ ಕೋಣೆಗೆ ಹೊತ್ತು ತಂದಳು. ಪ್ಲಗ್ ಹಾಕಿ, ಗಿಟಾರ್ ಜೋಡಿಸಿ, ಮೈಕಿಗೂ ಗಿಟಾರಿನ ತಂತಿಗೂ ನಡುವೆ ಕರೆಂಟು ಅಳೆಯುವ ಮೀಟರ್ ಹಿಡಿದಳು. ಮುಳ್ಳು ಅಲುಗಲಿಲ್ಲ. ತಂಗಿ ಗಿಟಾರಿಗೆ ಕೈ ಚಾಚಿದಳು.

“ತಡಿ,” ಎಂದು ಕಾಯಿಲಕ್ಕ ತಾನೇ ತಂತಿಗಳನ್ನು ಬಿಗಿಯಾಗಿ ಹಿಡಿದು, ಮೈಕಿಗೆ ತುಟಿ ಒತ್ತಿ ನಿಂತಳು. ನಿಂತೇ ಇದ್ದಳು.

“ನೀನೇ ಹಾಡ್ತೀಯೇನಕ್ಕ? ಸಾಕು, ಕೊಡೀಗ,” ಎಂದಳು ತಂಗಿ.