ಮೋಟರ್‌ಹೋಮ್ ಹಿಂದೊಂದು ಮಡಿ ಅಡಿಗೆಮನೆ

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹ್ಯಾರೋದ ಮನೆ ಬಿಟ್ಟೆವು. ತುಂತುರು ಮಳೆ. ಒಳಗೇ ಹಾಸಿಗೆ, ಒಲೆ ಇರುವ ಸೆಕೆಂಡ್‌ಹ್ಯಾಂಡ್ ಮೋಟರ್‌ಹೋಮನ್ನು ನಮ್ಮ ಮನೆಯವರು ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು, ಅತ್ತೆ. ಹೋಗಬೇಕಾದದ್ದು ಸೌತ್‌ಹಾಲ್ ದಾಟಿದ ಮೇಲೆ ಸಿಗುವ, ಟ್ರೇಲರ್ ಮಾರುವ ಅಂಗಳಕ್ಕೆ, ಹತ್ತು ಮೈಲಿಯೂ ಇಲ್ಲ.

ಬೇಸಿಗೆಯಲ್ಲಿ ಎರಡು ವಾರ ಸ್ಕಾಟ್ಲೆಂಡ್ ಸುತ್ತುವುದೆಂದು ನಿಶ್ಚಯವಾಗಿತ್ತು. ಧಾರವಾಡದಿಂದ ಬಂದು ನಮ್ಮೊಡನಿರುವ ಅತ್ತೆ ಮಡಿಯವರು. ಹಿಂದಿನ ಮಾಲೀಕರು ಮಾಂಸ ಬೇಯಿಸಿದ ಗಾಡಿಯಲ್ಲಿ ಅವರು ಅಡಿಗೆ ಮಾಡುವವರಲ್ಲ. ಅಡಿಗೆಗೆ ಬೇರೆ ಜಾಗವಾದರೆ ಬರುತ್ತೇನೆ, ಇಲ್ಲದಿದ್ದರೆ ಪಿನ್ನರ್‌ನ ಮಗಳ ಮನೆಯಲ್ಲಿರುತ್ತೇನೆ ಎಂದಿದ್ದರು. ಆದರೂ ಸ್ಕಾಟ್ಲೆಂಡಿನ ಸರೋವರಗಳ ಫೋಟೋಗಳನ್ನು ನನ್ನ ಫೋನಿನಲ್ಲಿ ದಿನಾ ತೆಗೆಸಿ ನೋಡುತ್ತಿದ್ದರು. ಅದಕ್ಕೇ ಗಾಡಿಯ ಹಿಂದೆ ಎಳೆದೊಯ್ಯುವ ಟ್ರೇಲರಿನಲ್ಲಿ ಅವರಿಗೊಂದು ಅಡಿಗೆಮನೆ ಮಾಡುವುದೆಂದು ಹೊರಟಿದ್ದೆವು.

ಸೌತ್‌ಹಾಲ್‌ನಲ್ಲಿ ಚಹಾಕ್ಕೆ ನಿಂತೆವು. ನಾವಿಬ್ಬರೂ ಬಿಸಿ ಸಮೋಸ ತಿಂದೆವು, ಅತ್ತೆ ಬಾಳೆಹಣ್ಣು.

“ಎರಡು ವಾರ ಬಾಳೆಹಣ್ಣಿನ ಮ್ಯಾಲೇ ಇರ್ತೀಯೇನವ್ವಾ?” ಎಂದು ಇವರು ಕೆಣಕಿದರು.

“ನೀ ಮೊದಲ ಗಾಡಿ ನೆಟ್ಟಗ ನಿಲ್ಲಸೋದು ಕಲಿಯೋ ರಘೂ,” ಎಂದರು ಅತ್ತೆ.

ಅಂಗಳದ ಮಾಲೀಕ ಮೊದಲು ತೋರಿಸಿದ್ದು ಒಳಗೆ ನಿಂತು ಓಡಾಡುವಷ್ಟು ಎತ್ತರದ ಮುಚ್ಚಿದ ಟ್ರೇಲರ್. ಅತ್ತೆಗೆ ಹಿಡಿಸಿತು. ಆದರೆ ನಮ್ಮ ಗಾಡಿ ಎಳೆಯಬಹುದಾದ ಭಾರಕ್ಕಿಂತ ಅದರ ಖಾಲಿ ತೂಕವೇ ಹೆಚ್ಚು. ಎರಡನೆಯದು ಅಷ್ಟೇ ಎತ್ತರ, ಹಗುರ, ಹಳೆಯದು. ಅತ್ತೆ ತಲೆ ಒಳಗೆ ಹಾಕಿದವರೇ ಹೊರಗೆ ತೆಗೆದರು.

“ಸುಧಾ, ಇದರಾಗ ಏನು ಒಯ್ತಿದ್ರು ಕೇಳು.”

ಮೀನು. ಚೆನ್ನಾಗಿ ತೊಳೆಸಿದ್ದೇನೆ ಎಂದು ಮಾಲೀಕ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅತ್ತೆ ಮುಂದಿನ ಸಾಲಿಗೆ ಹೋಗಿದ್ದರು.

ಅಲ್ಲಿ ಉಳಿದದ್ದು ಒಂದೇ. ಹೊಸದು, ಹಗುರ, ಹಿಂಬಾಗಿಲು ಇಳಿಸಿದರೆ ಹತ್ತಲು ಹಲಗೆಯಾಗುತ್ತಿತ್ತು. ಒಳಗಿನ ಎತ್ತರ ಮಾತ್ರ ನನ್ನ ಎದೆಮಟ್ಟ.

“ಆಗೂದಿಲ್ಲ ಬಿಡು,” ಎಂದರು ಇವರು ಮೆಲ್ಲಗೆ. “ಅವ್ವನ್ನ ಪಿನ್ನರಿಗೆ ಬಿಟ್ಟು ಹೋಗೋಣ.”

ಅಷ್ಟರಲ್ಲಿ ಅತ್ತೆ ಬಗ್ಗಿ ಒಳಹೊಕ್ಕು, ಸೀರೆ ಸರಿಮಾಡಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೈ ಚಾಚಿದರು.

“ಒಲಿ ಇಲ್ಲಿ, ನೀರು ಅಲ್ಲಿ. ನಿಂತು ಅಡಿಗಿ ಮಾಡ್ತೀನಂತ ನಿಮಗ ಯಾರು ಹೇಳಿದ್ರು?”

ಇಷ್ಟು ವರ್ಷ ಹ್ಯಾರೋದ ಮನೆಯ ಅಡಿಗೆಕಟ್ಟೆಯೆದುರು ನಿಂತೇ ಬೇಯಿಸಿದ ನಮಗೆ ಅದು ಹೊಳೆದೇ ಇರಲಿಲ್ಲ. ಇವರು ನಗುತ್ತ ಹಲಗೆಯ ಮೇಲೆ ಕಾಲಿಟ್ಟರು.

“ಏಯ್, ಶೂ!” ಎಂದರು ಅತ್ತೆ. ಅವರ ಚಪ್ಪಲಿ ಆಗಲೇ ಮಳೆಯಲ್ಲಿ, ಹೊರಗಿದ್ದವು. ಮಾಲೀಕನೂ ತನ್ನ ಬೂಟು ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ಮಧ್ಯಾಹ್ನ ಟ್ರೇಲರನ್ನು ಹಿಂದೆ ಸಿಕ್ಕಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅತ್ತೆ ಕತ್ತು ಹೊರಳಿಸಿ ಹಿಂದಿನ ಕಿಟಕಿಯನ್ನೇ ನೋಡುತ್ತಿದ್ದರು.

“ತಿರುವಿನ್ಯಾಗ ಸಾವಕಾಶ ರಘೂ,” ಎಂದರು. “ಹಿಂದ ಅಡಿಗಿಮನಿ ಬರ್ಲಿಕ್ಕೆ ಹತ್ತೇದ.”