ಬೆಂಚಿನ ಮೇಲೆ ಅಮ್ಮ

ನಮ್ಮಕ್ಕನಿಗೆ ಜನರ ಮುಖ ನೆನಪಿರುವುದಿಲ್ಲ, ಮೊಣಕಾಲು ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮೊದಲು ಕೆಳಗೆ ನೋಡುತ್ತಾಳೆ, ಆಮೇಲೆ "ಓ, ನೀವಾ" ಅನ್ನುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಥೀಮ್ ಪಾರ್ಕಿನ ಗೇಟಿನೊಳಗೆ, ಒಂದು ಮರದ ಬೆಂಚಿನ ಪಕ್ಕದಲ್ಲಿ ನಿಂತವಳು ಅವಳು. ಮಕ್ಕಳು ಮೊಮ್ಮಕ್ಕಳ ಜೊತೆ ಬರುವ ಅಜ್ಜ ಅಜ್ಜಿಯರಿಗೆ ಯಾವ ಆಟ ಸರಿ, ಯಾವುದು ಬೇಡ ಅಂತ ಹೇಳುವುದು ಅವಳ ಕೆಲಸ. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಬೆಂಚಕ್ಕ.

"ಬನ್ನಿ ತಾತ, ಕೂತ್ಕೊಳ್ಳಿ. ಈಗ ಏಳಿ." ತೊಡೆಯ ಮೇಲೋ ಬೆಂಚಿನ ಮೇಲೋ ಕೈ ಊರದೆ ಎದ್ದರೆ ಅರ್ಧ ಪಾಸು. ಆಮೇಲೆ ಕುತ್ತಿಗೆ ತಿರುಗಿಸಿ ಹಿಂದೆ ನಿಂತವರನ್ನು ಕರೆಯಬೇಕು. ಕೊನೆಗೆ, ಅವಳು ಹತ್ತು ಎಣಿಸುವ ತನಕ ಕಣ್ಣು ಮುಚ್ಚಿ ನಿಲ್ಲಬೇಕು. ಇಷ್ಟೂ ಹೊತ್ತು ಅಕ್ಕ ತಲೆ ಎತ್ತುವುದಿಲ್ಲ. ಯಾಕೆ ಅಂತ ಕೇಳಿದರೆ, "ಮುಖ ನೋಡಿದ್ರೆ ಮಣೆ ಹಾಕ್ಬೇಕಾಗುತ್ತೆ. ಮೊಮ್ಮಗು ಎದುರಿಗೆ ಆಗಲ್ಲ ಅನ್ನೋಕೆ ನಾಚಿಕೆ, ಸೊಸೆ ಎದುರಿಗೆ ಆಗುತ್ತೆ ಅನ್ನೋಕೆ ಭಯ. ಮೊಣಕಾಲಿಗೆ ಅದ್ಯಾವುದೂ ಇಲ್ಲ" ಅನ್ನುತ್ತಾಳೆ. ಅವಳು ಕೈಗೆ ಹಸಿರು ಪಟ್ಟಿ ಕಟ್ಟಿದರೆ ದೊಡ್ಡ ಚಕ್ರದ ತನಕ ಹೋಗಬಹುದು. ಹಳದಿಗೆ ಪುಟ್ಟ ರೈಲು. ನೀಲಿ ಅಂದರೆ ಕೊಳದ ದಡದಲ್ಲಿ ಕೂತು ಬಾತುಕೋಳಿ ನೋಡುವುದು.

ಎಲ್ಲ ಗಂಡುಮಕ್ಕಳೂ ಅಪ್ಪನನ್ನು ಕುದುರೆ ತಿರುಗುವ ಆಟಕ್ಕೇ ಕರೆದೊಯ್ಯಲು ನೋಡುತ್ತಾರೆ. "ಮೆಲ್ಲಗೆ ತಿರುಗುತ್ತೆ ಅಲ್ವಾ?" ಅಂತ ಒಬ್ಬ ವಾದಕ್ಕೆ ನಿಂತ. "ಮೆಲ್ಲಗೆ ತಿರುಗಿದ್ರೂ ತಲೆ ಸುತ್ತುತ್ತೆ ಸ್ವಾಮಿ. ಅದೂ ಅಲ್ದೆ ಕುದುರೆ ಹತ್ತೋಕೆ ಕಾಲು ಸೊಂಟದ ತನಕ ಎತ್ತಬೇಕು. ನೀವೇ ಒಂದ್ಸಲ ಎತ್ತಿ ತೋರಿಸಿ" ಅಂದಳು. ಅವನು ಎತ್ತಲು ಹೋಗಿ ಬೇಲಿ ಹಿಡಿದುಕೊಂಡ. ನೋಡಿದರೆ ಎದೆ ನಡುಗಿಸುವ ದೊಡ್ಡ ಚಕ್ರವೇ ವಯಸ್ಸಾದವರಿಗೆ ವಾಸಿ. ಅದು ಅಲುಗುವುದೇ ಗೊತ್ತಾಗುವುದಿಲ್ಲ. ಆದರೆ ಪೂರ್ತಿ ನಿಲ್ಲುವುದಿಲ್ಲ, ತೆವಳುತ್ತಲೇ ಇರುತ್ತದೆ. ನಾಲ್ಕು ಹೆಜ್ಜೆಯಲ್ಲಿ ಹತ್ತಿ ಕೂರಬೇಕು, ಇಳಿಯುವಾಗ ತಡಮಾಡದೆ ಏಳಬೇಕು. ಎಂಬತ್ತರ ಅಜ್ಜಿಗೆ ಹಸಿರು ಪಟ್ಟಿ, ಅವಳ ಐವತ್ತೆಂಟರ ಮಗನಿಗೆ ಹಳದಿ ಸಿಕ್ಕಿ, ಅವನು ಮುಖ ಊದಿಸಿಕೊಂಡು ರೈಲಿನಲ್ಲಿ ಕೂತದ್ದನ್ನು ನಾನೇ ಕಂಡಿದ್ದೇನೆ.

ನಾನು ಅದೇ ಪಾರ್ಕಿನ ಹಿಂದಿನ ಶೆಡ್ಡಿನಲ್ಲಿ ಸೀಟುಗಳ ಹೊದಿಕೆ ಹೊಲಿಯುವವಳು. ಬೆಳಿಗ್ಗೆ ಬೇಗ ಹೋದರೆ ಮಂಜು ಇನ್ನೂ ನೆಲ ಬಿಟ್ಟಿರುವುದಿಲ್ಲ. ಕುದುರೆಗಳು ಬಿಳಿ ಬಟ್ಟೆ ಹೊದ್ದು ನಿಂತಿರುತ್ತವೆ. ಚಕ್ರದ ಕೆಳಗಿನ ಅರ್ಧ ಮಾತ್ರ ಕಾಣುತ್ತದೆ. ತೊಟ್ಟಿಲುಗಳು ಒಂದೊಂದಾಗಿ ಮಂಜಿನೊಳಗೆ ಹೋಗಿ, ತುಂಬಾ ಹೊತ್ತಾದ ಮೇಲೆ ಇನ್ನೊಂದು ಕಡೆಯಿಂದ ಒದ್ದೆಯಾಗಿ ಬರುತ್ತವೆ. ಅಲ್ಲಿ ಮೇಲೆ ಏನಿದೆಯೋ ಅಂತ ದಿನಾ ಹೊಸದಾಗಿ ಅನ್ನಿಸುತ್ತದೆ ನನಗೆ.

ಅಮ್ಮನಿಗೂ ಹಾಗೇ ಅನ್ನಿಸುತ್ತಿತ್ತು. ನಮ್ಮ ಅಡುಗೆಮನೆಯ ಕಿಟಕಿಯಿಂದ, ಮಹಡಿಗಳ ಆಚೆ, ಚಕ್ರದ ನೆತ್ತಿ ಮಾತ್ರ ಕಾಣುತ್ತದೆ. ಪಾತ್ರೆ ತೊಳೆಯುತ್ತಾ ಮೂವತ್ತು ವರ್ಷ ಅದನ್ನೇ ನೋಡಿದವಳು ಅವಳು. ಹೋದ ವರ್ಷ ಅವಳ ನೋಟ ಅಂಚಿನಿಂದ ಒಳಕ್ಕೆ ಸವೆಯತೊಡಗಿತು. ನಡುವೆ ಒಂದಿಷ್ಟು ಉಳಿದಿತ್ತು, ಕೊಳವೆಯಲ್ಲಿ ನೋಡಿದ ಹಾಗೆ. ಅದೂ ಇನ್ನೊಂದು ವರ್ಷ ಇದ್ದರೆ ಹೆಚ್ಚು ಅಂದರು ಕಣ್ಣಿನ ಡಾಕ್ಟರು.

ಆವತ್ತು ಊಟಕ್ಕೆ ಕೂತಾಗ ಅಮ್ಮ ಹೇಳಿದಳು: "ಇಷ್ಟು ವರ್ಷ ಇಲ್ಲಿಂದ ಅದನ್ನ ನೋಡ್ದೆ. ಒಂದ್ಸಲ ಅಲ್ಲಿಂದ ನಮ್ಮ ಕಿಟಕಿ ನೋಡ್ಬೇಕು ಕಣ್ರೇ. ಕಣ್ಣು ಹೋಗೋದ್ರೊಳಗೆ."

"ನಿಂಗೆ ನೀಲಿ ಪಟ್ಟಿ" ಅಂದಳು ಅಕ್ಕ, ತಟ್ಟೆಯಿಂದ ತಲೆ ಎತ್ತದೆ.

"ಪರೀಕ್ಷೆ ಮಾಡಿ ಹೇಳು."

"ಬೇಕಾಗಿಲ್ಲ."

ಆಮೇಲೆ ಜಪ್ಪಯ್ಯ ಅಂದರೂ ಅಕ್ಕ ಜಗ್ಗಲಿಲ್ಲ. ಅಮ್ಮನ ಹೃದಯ ನೋಡುವ ಡಾಕ್ಟರು ಧಾರಾಳವಾಗಿ ಹೋಗಲಿ ಅಂದದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಊರಿಗೊಂದು ನ್ಯಾಯ, ಮನೆಗೊಂದು ನ್ಯಾಯವೇ ಅಂತ ಕೂಗಾಡಿದೆ. ಕಾರಣ ನನಗೂ ಗೊತ್ತಿತ್ತು ಅನ್ನಿ. ಆರು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಎತ್ತಿದವಳು ಅಕ್ಕ. ಆವತ್ತು ಅಮ್ಮ ಕೂಗಿದ ಕೂಗು ಅವಳ ಕಿವಿಯಿಂದ ಇನ್ನೂ ಹೋಗಿಲ್ಲ.

ಸೋತು ಕೂರುವ ಪೈಕಿ ಅಮ್ಮ ಅಲ್ಲ. "ಆ ತೊಟ್ಟಿಲಿನ ಸೀಟು ಎಷ್ಟು ಎತ್ತರ ಇದೆ?" ಅಂತ ನನ್ನನ್ನು ಕೇಳಿದಳು. ಎಲ್ಲ ಸೀಟಿನ ಅಳತೆಯೂ ನನ್ನ ಬಾಯಲ್ಲೇ ಇದೆ. ಮನೆಯ ಸ್ಟೂಲು ಮೂರು ಬೆರಳು ತಗ್ಗಿತ್ತು. ಅಷ್ಟೇ ದಪ್ಪದ ದಿಂಬು ಹೊಲಿದುಕೊಟ್ಟೆ. ಅಕ್ಕ ಕೆಲಸಕ್ಕೆ ಹೊರಟ ಮೇಲೆ ಅಮ್ಮ ಆ ಸ್ಟೂಲನ್ನು ಕಿಟಕಿ ಪಕ್ಕ ಎಳೆದುಕೊಂಡು ಕೂತು ಏಳುತ್ತಿದ್ದಳು. ಮೊದಲ ವಾರ ಎರಡು ಸಲಕ್ಕೇ ಸುಸ್ತು. ನಾಲ್ಕನೇ ತಿಂಗಳಿಗೆ ಮೂವತ್ತು ಸಲ, ಕೈ ಎರಡೂ ಹೊಟ್ಟೆಯ ಮೇಲೆ. "ನಿಮ್ಮಕ್ಕನಿಗೆ ಹೇಳಿದ್ರೆ ನೋಡು" ಅಂತ ನನಗೆ ಗದರುತ್ತಿದ್ದಳು, ಶಾಲೆ ತಪ್ಪಿಸಿದ ಹುಡುಗಿಯ ಹಾಗೆ.

ನಾವು ಪಾರ್ಕಿಗೆ ಹೊರಟ ದಿನ ಬೆಳಿಗ್ಗೆ, ಅಕ್ಕ ಕೆಲಸಕ್ಕೆ ಹೋದ ಮೇಲೆ, ಅಮ್ಮ ಹಳದಿ ಹಾಸಿಗೆ ಬಟ್ಟೆಯೊಂದನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟಳು. ಮೇಲಿನಿಂದ ಗುರುತು ಸಿಗಲಿ ಅಂತ. ನಾವಿಬ್ಬರೂ ಅಕ್ಕನ ಬೆಂಚಿನ ಮುಂದಿನ ಸಾಲಿನಲ್ಲಿ ಒಂದು ದೊಡ್ಡ ಸಂಸಾರದ ಹಿಂದೆ ನಿಂತೆವು. ಬಿಸಿಲು ಆಗ ತಾನೇ ಮಂಜನ್ನು ಬಿಡಿಸುತ್ತಿತ್ತು. ಕುದುರೆ ಆಟದ ಹಾಡು ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ" ಅಂದಳು ಅಕ್ಕ, ಎಂದಿನಂತೆ ಬಗ್ಗಿಕೊಂಡೇ.

ಅಮ್ಮ ಕೂತಳು. ಅಕ್ಕ ಪಾದ ನೋಡಿದಳು. ಹೆಬ್ಬೆರಳ ಮೇಲೆ ಹತ್ತಿ ಕೂತ ಎರಡನೇ ಬೆರಳು, ಸೀಟಿನ ನೀಲಿ ದಾರದಲ್ಲಿ ನಾನು ಹೊಲಿದುಕೊಟ್ಟ ಚಪ್ಪಲಿ. ಅವಳು ಬರೆದುಕೊಳ್ಳುತ್ತಿದ್ದ ಪೆನ್ಸಿಲು ಅಲ್ಲೇ ನಿಂತಿತು. ತಲೆ ಮಾತ್ರ ಎತ್ತಲಿಲ್ಲ. ಹಿಂದಿದ್ದವರು ಗೊಣಗತೊಡಗಿದರು.

"ಏಳು ಅಂತ ಹೇಳು" ಅಂದಳು ಅಮ್ಮ.

ಅಕ್ಕ, "ಏಳಿ" ಅಂದಳು. ಹೆತ್ತ ತಾಯಿಗೆ ಬಹುವಚನ.

ಅಮ್ಮ ಎದ್ದಳು, ಕೈ ಹೊಟ್ಟೆಯ ಮೇಲೆ. ಕುತ್ತಿಗೆ ತಿರುಗಿಸಿ ನನ್ನನ್ನು ಕರೆದಳು. ಕಣ್ಣು ಮುಚ್ಚಿ ನಿಂತಳು. ಅಕ್ಕ ಎಣಿಸಿದಳು. ಏಳರ ಹೊತ್ತಿಗೆ ಎಣಿಕೆ ನಿಧಾನವಾಯಿತು. ಒಂಬತ್ತರಲ್ಲಿ ನಿಂತೇ ಹೋಯಿತು.

"ಒಂಬತ್ತಾದ ಮೇಲೆ ಹತ್ತು ಬರುತ್ತೆ ಕಣೇ" ಅಂದಳು ಅಮ್ಮ, ಕಣ್ಣು ತೆರೆಯದೆ.

"ಹತ್ತು."

ಆಗ ಅಕ್ಕ ಮುಖ ನೋಡಿದಳು. "ಊರಲ್ಲಿರೋ ಅಜ್ಜಿಯರನ್ನೆಲ್ಲ ಕೂರಿಸ್ದೆ. ನನ್ನೊಬ್ಬಳನ್ನ ಕೂರಿಸ್ಲಿಲ್ಲ" ಅಂದಳು ಅಮ್ಮ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ನೋವಿತ್ತು.

"ಹೆದರಿಕೆ ಅಮ್ಮ."

"ಗೊತ್ತು."

ಅಕ್ಕ ಹಸಿರು ಪಟ್ಟಿ ಕಟ್ಟಿದಳು. ಆಮೇಲೆ ತನ್ನ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ಸಾಲಿನವರಿಗೆ "ಒಂದು ಸುತ್ತು ತಡೀರಿ" ಅಂದು ನಮ್ಮ ಜೊತೆ ಹೊರಟಳು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಬೆಂಚು ಬಿಟ್ಟದ್ದು ಅದೇ ಮೊದಲು.

ತೊಟ್ಟಿಲು ಮೇಲೇರಿದಂತೆ ಸದ್ದುಗಳು ಒಂದೊಂದಾಗಿ ಕಳಚಿಬಿದ್ದವು. ಉಳಿದ ಮಂಜು ನಮ್ಮ ಕಾಲಡಿಗೆ ಬಂತು. ಅದರ ಮೇಲೆ ಮಹಡಿಗಳು, ನೀರಿನ ಟ್ಯಾಂಕುಗಳು ತೇಲುತ್ತಿದ್ದವು. ಅಮ್ಮನಿಗೆ ಅಷ್ಟೆಲ್ಲ ಒಟ್ಟಿಗೆ ಕಾಣುವಂತಿರಲಿಲ್ಲ. ಅಕ್ಕ ಅವಳ ಗಲ್ಲ ಹಿಡಿದು ಮೆಲ್ಲಗೆ ತಿರುಗಿಸಿದಳು. "ಇನ್ನೊಂಚೂರು ಎಡಕ್ಕೆ. ಸ್ವಲ್ಪ ಕೆಳಗೆ. ಹಳದಿ ಕಾಣ್ತಾ?"

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ನಮ್ಮ ತೊಟ್ಟಿಲು ನೆತ್ತಿಗೆ ಬಂದಿತ್ತು. "ಎಷ್ಟು ಚಿಕ್ಕದು" ಅಂದಳು ಕೊನೆಗೆ. "ಅಷ್ಟರೊಳಗೇ ನಿಮ್ಮಿಬ್ಬರನ್ನ ಬೆಳೆಸಿದ್ನಾ?" ನನಗೆ ಅಳು ಬಂತು. ಅಕ್ಕ ಗಲ್ಲದಿಂದ ಕೈ ತೆಗೆಯಲೇ ಇಲ್ಲ.

ಇಳಿಯುವಾಗ ಅಮ್ಮ ಮೊದಲು ಎದ್ದಳು, ಕೈ ಊರದೆ, ಕಲಿತ ಹಾಗೆ. ಹಿಂದೆ ಅಕ್ಕ. ಇಷ್ಟು ವರ್ಷ ನಿಂತು ನಿಂತು ಸವೆದ ಕಾಲು. ಒಂದು ಸಲ ಏಳಲು ನೋಡಿದಳು, ಆಗಲಿಲ್ಲ. ಸೀಟಿನ ಅಂಚಿಗೆ ಅಂಗೈ ಒತ್ತಿ ಎದ್ದಳು. ಅಮ್ಮನ ಉಳಿದಿದ್ದ ಆ ಒಂದಿಷ್ಟು ನೋಟ ಸರಿಯಾಗಿ ಅಲ್ಲೇ ಇತ್ತು.

"ಕೈ ಊರಿದೆ ನೀನು" ಅಂದಳು ಅಮ್ಮ.

ಅಕ್ಕ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಅಮ್ಮ ತನ್ನ ಕೈ ಚಾಚಿದಳು.

ಈಗ ಅಮ್ಮನಿಗೆ ಚಕ್ರವೂ ಕಾಣುವುದಿಲ್ಲ, ಕಿಟಕಿಯೂ ಕಾಣುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಕ್ಕ ಆ ಸ್ಟೂಲಿನ ಮೇಲೆ ಕೂತು ಏಳುತ್ತಾಳೆ, ಅಮ್ಮ ಪಕ್ಕದಲ್ಲಿ ಅವಳ ಭುಜ ಹಿಡಿದು ನಿಂತು ಎಣಿಸುತ್ತಾಳೆ. ಯಾವಾಗಲಾದರೂ ಅಕ್ಕ ಸದ್ದಿಲ್ಲದೆ ತೊಡೆಗೆ ಕೈ ಕೊಟ್ಟು ಎದ್ದರೆ, ಅಮ್ಮ ಆ ಒಂದನ್ನು ಎಣಿಸುವುದಿಲ್ಲ.