ಸೊಸೆಯ ಕೈಗೆ ಹೋದ ಉಳಿ

ಅಪ್ಪ ನನ್ನ ಕೈಯಿಂದ ಉಳಿ ಕಿತ್ತುಕೊಂಡು, ಚಹಾ ತಂದ ನನ್ನ ಹೆಂಡತಿಯ ಕೈಗಿಟ್ಟರು. ಎಪ್ಪತ್ತರ ದಶಕ, ಬೆಳಗಾವಿಯಲ್ಲಿ ನಮ್ಮದು ಗಡಿಯಾರ ರಿಪೇರಿ ಅಂಗಡಿ. ಉಕ್ಕಿನ ಕಡ್ಡಿಗೆ ಬಿಲ್ಲಿನ ದಾರ ಸುತ್ತಿ ಎಳೆದಾಗ ಪುಟ್ಟ ಲೇತ್‌ನಲ್ಲಿ ಅದು ಹಿಂದೆ ಮುಂದೆ ತಿರುಗುತ್ತದೆ. ಮುಂದೆ ಬಂದಾಗಷ್ಟೇ ಉಳಿ ತಾಗಿಸಬೇಕು, ಹಿಂದೆ ಹೋಗುವಾಗ ಸಡಿಲಿಸಬೇಕು. ಅದನ್ನು ಕಲಿಯುತ್ತ ಗಡಿಯಾರದ ಚಕ್ರಕ್ಕೆ ಕೂರಿಸುವ ಸಣ್ಣ ಅಚ್ಚುಗಳನ್ನು ನಾನು ಎಷ್ಟು ಮುರಿದೆನೋ ಲೆಕ್ಕವಿರಲಿಲ್ಲ. ಅವಳು ಬಿಲ್ಲು ಎಳೆದು ಉಳಿ ತಾಗಿಸಿದಳು; ಉಕ್ಕಿನ ಸಿಪ್ಪೆ ಸುರುಳಿಯಾಗಿ ಬಂತು.

“ಖಾನಾಪುರದಾಗ ನಮ್ಮವ್ವನ ಮಜ್ಜಿಗಿ ಕಡಗೋಲೂ ಹಿಂಗ ತಿರಗತೈತ್ರಿ, ಮಾವಾರ,” ಎಂದಳು.

ಅಪ್ಪ ನನ್ನತ್ತ ತಿರುಗಿ, “ನೀ ಇನ್ನ ಗಿರಾಕಿ ನೋಡ್ಕೋಪಾ,” ಎಂದರು. ನಾನು ಅವಳಿಗೆ ಜಾಗ ಬಿಟ್ಟು ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಕೂತೆ.

ನನ್ನ ಕೈಗಡಿಯಾರದಲ್ಲಿ ಇಂದಿಗೂ ತಿರುಗುವುದು ಅವಳು ಮಾಡಿದ ಅಚ್ಚೇ. ಯಾರಾದರೂ ಟೈಮು ಕೇಳಿದರೆ ನಾನು ಗೋಡೆಯ ಗಡಿಯಾರ ನೋಡಿಯೇ ಹೇಳುತ್ತೇನೆ.